ಜಲ್ಲಿಯನ್ನೂ ಹಡಗಿನಲ್ಲಿ ತರಿಸುವ ನೆಲ: ಲಕ್ಷದ್ವೀಪ ಹುಟ್ಟಿದ್ದು ಹೇಗೆ, ನಿಂತಿರುವುದು ಹೇಗೆ?

ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಮಂಗಳೂರಿನ ಹಳೆ ಬಂದರಿನ ಧಕ್ಕೆಯಲ್ಲಿ ನಿಂತು ನೋಡಿದರೆ, ‘ಮಂಜಿ’ ಎಂದು ಕರೆಯುವ ಸರಕು ಹಡಗುಗಳಿಗೆ ಅಕ್ಕಿ, ಈರುಳ್ಳಿ, ತರಕಾರಿಗಳ ಜೊತೆಗೆ ಸಿಮೆಂಟು, ಇಟ್ಟಿಗೆ, ಜಲ್ಲಿ ಮತ್ತು ಮರಳನ್ನೂ ತುಂಬುವುದು ಕಾಣುತ್ತದೆ. ಇವು ಹೋಗುವುದು ಲಕ್ಷದ್ವೀಪಕ್ಕೆ. ಸುತ್ತಲೂ ಮರಳೇ ಇರುವ ದ್ವೀಪಕ್ಕೆ ಇಲ್ಲಿಂದ ಮರಳನ್ನು ಹೊತ್ತೊಯ್ಯುವುದೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಲಕ್ಷದ್ವೀಪ ಎಂದರೇನು ಎಂಬುದರ ಅರ್ಧ ಭಾಗ ತಿಳಿದಂತೆ.

2024ರ ಜನವರಿಯಲ್ಲಿ ಪ್ರಧಾನಿಯವರು ಅಲ್ಲಿಗೆ ಭೇಟಿ ನೀಡಿದ ಚಿತ್ರಗಳು ಹರಿದಾಡಿದ ಮೇಲೆ, ಅದುವರೆಗೆ ಭೂಪಟದ ಎಡಬದಿಯ ಚುಕ್ಕೆಗಳಷ್ಟೇ ಆಗಿದ್ದ ಈ ದ್ವೀಪಗಳ ಬಗ್ಗೆ ಎಲ್ಲೆಡೆ ಕುತೂಹಲ ಹುಟ್ಟಿತು. ಅದೇ ವರ್ಷದ ಮೇ ತಿಂಗಳಲ್ಲಿ ಅಲ್ಲಿನ ಹವಳಗಳು ವ್ಯಾಪಕವಾಗಿ ಬಿಳಿಚಿಕೊಂಡಿವೆ ಎಂಬ ಸುದ್ದಿಯೂ ಬಂತು. ನೀಲಿ ನೀರಿನ ಚಿತ್ರಕ್ಕೂ ಬಿಳಿಚಿದ ಹವಳದ ಸುದ್ದಿಗೂ ಇರುವ ನಂಟನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಹೆಸರಿನಲ್ಲಿ ಲಕ್ಷ, ಎಣಿಕೆಯಲ್ಲಿ 36

ಕೊಚ್ಚಿಯಿಂದ ಪಶ್ಚಿಮಕ್ಕೆ ಸುಮಾರು 220ರಿಂದ 440 ಕಿಲೋಮೀಟರ್ ದೂರದಲ್ಲಿ ಅರಬ್ಬೀ ಸಮುದ್ರದಲ್ಲಿ ಹರಡಿಕೊಂಡಿರುವ ಈ 36 ದ್ವೀಪಗಳ ಒಟ್ಟು ನೆಲ 32 ಚದರ ಕಿಲೋಮೀಟರ್ ಮಾತ್ರ. ಜನರು ನೆಲೆಸಿರುವುದು ಹತ್ತರಲ್ಲಿ. 2011ರ ಜನಗಣತಿಯ ಪ್ರಕಾರ ಇಡೀ ದ್ವೀಪಸಮೂಹದ ಜನಸಂಖ್ಯೆ 64 ಸಾವಿರದ ಆಸುಪಾಸು, ಅಂದರೆ ನಮ್ಮ ಒಂದು ಸಾಧಾರಣ ತಾಲ್ಲೂಕು ಕೇಂದ್ರದಷ್ಟು. ಜನವಸತಿಯ ದ್ವೀಪಗಳಲ್ಲಿ ಅತಿ ಚಿಕ್ಕದಾದ ಬಿತ್ರದಲ್ಲಿ ಆ ವರ್ಷ ಇದ್ದವರು 271 ಮಂದಿ. ನೆಲ ಇಷ್ಟು ಕಡಿಮೆಯಾದರೂ ಈ ದ್ವೀಪಗಳ ಕಾರಣದಿಂದ ಭಾರತದ ಹಕ್ಕಿಗೆ ಒಳಪಡುವ ಕಡಲಿನ ವಿಸ್ತಾರ ಸುಮಾರು 4 ಲಕ್ಷ ಚದರ ಕಿಲೋಮೀಟರ್. ಕರ್ನಾಟಕದ ಎರಡರಷ್ಟು ಕಡಲು ಎಂದರೆ ಅಂದಾಜು ಸಿಕ್ಕೀತು.

ಕನ್ನಡ ನಾಡಿಗೂ ಈ ದ್ವೀಪಗಳಿಗೂ ಹಳೆಯ ಸಂಬಂಧವಿದೆ. ಉತ್ತರದ ಅಮಿನಿ, ಕದ್ಮತ್, ಕಿಲ್ತಾನ್, ಚೆಟ್ಲಾಟ್ ಮತ್ತು ಬಿತ್ರ ದ್ವೀಪಗಳು ‘ಅಮೀನ್‌ದೀವಿ’ ಗುಂಪಿಗೆ ಸೇರಿದವು. ‘ದೀವಿ’ ಎಂದರೆ ದ್ವೀಪವೇ. 1787ರಲ್ಲಿ ಈ ಗುಂಪು ಟಿಪ್ಪು ಸುಲ್ತಾನನ ಆಳ್ವಿಕೆಗೆ ಬಂತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರ ಪಾಲಾಗಿ, ಮಂಗಳೂರಿನಿಂದ ಆಡಳಿತ ನಡೆಯುವ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಯಿತು. 1956ರ ನವೆಂಬರ್ 1ರಂದು, ಮೈಸೂರು ರಾಜ್ಯ ಏಕೀಕರಣಗೊಂಡ ದಿನವೇ, ಎಲ್ಲ ದ್ವೀಪಗಳನ್ನೂ ಕೂಡಿಸಿ ಕೇಂದ್ರಾಡಳಿತ ಪ್ರದೇಶ ಮಾಡಲಾಯಿತು. ಲಕ್ಷದ್ವೀಪ ಎಂಬ ಹೆಸರು ಅಧಿಕೃತವಾದದ್ದು 1973ರಲ್ಲಿ. ಆದರೆ ಇದಕ್ಕಿಂತ ಬಹಳ ಹಳೆಯದಾದ ಇನ್ನೊಂದು ನಂಟು ನೆಲದ ಅಡಿಯಲ್ಲಿದೆ.

ಎರೆಭೂಮಿಯ ದಾಯಾದಿ

ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕಪ್ಪು ಎರೆಮಣ್ಣು ಬಂದದ್ದು ಲಾವಾ ಆರಿ ಹುಟ್ಟಿದ ಕಪ್ಪು ಬಸಾಲ್ಟ್ ಕಲ್ಲಿನಿಂದ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿದ ಲಾವಾ ದಖನ್ನಿನ ಮೇಲೆ ಪದರ ಪದರವಾಗಿ ಹರಡಿತು. ಆ ಉಕ್ಕಿಗೆ ಕಾರಣವಾದ ಬಿಸಿ ತಾಣ ಭೂಮಿಯ ಒಳಗೆ ಹೆಚ್ಚುಕಡಿಮೆ ಒಂದೇ ಕಡೆ ಉಳಿಯಿತು. ಅದರ ಮೇಲಿನ ಭೂಫಲಕ ಮಾತ್ರ ಭಾರತವನ್ನು ಹೊತ್ತು ಉತ್ತರಕ್ಕೆ ಸರಿಯುತ್ತ ಹೋಯಿತು. ಉರಿಯುವ ದೀಪದ ಕುಡಿಯ ಮೇಲೆ ತಗಡೊಂದನ್ನು ಹಿಡಿದು ಮೆಲ್ಲಗೆ ಎಳೆದರೆ ತಗಡಿನ ಅಡಿಯಲ್ಲಿ ಮಸಿಯ ಗೆರೆ ಮೂಡುವಂತೆ, ಸರಿಯುತ್ತಿದ್ದ ಫಲಕದ ಮೇಲೆ ಜ್ವಾಲಾಮುಖಿ ಬೆಟ್ಟಗಳ ಸಾಲು ಮೂಡಿತು. ದಖನ್ನಿನಿಂದ ಆರಂಭವಾಗುವ ಈ ಗೆರೆ ಲಕ್ಷದ್ವೀಪ, ಮಾಲ್ದೀವ್ಸ್, ಛಾಗೋಸ್‌ಗಳನ್ನು ದಾಟಿ, ಮಾರಿಷಸ್ ಮೂಲಕ ಇಂದಿಗೂ ಲಾವಾ ಕಾರುತ್ತಿರುವ ರಿಯೂನಿಯನ್ ದ್ವೀಪದವರೆಗೆ ಸಾಗುತ್ತದೆ. ಉತ್ತರದ ತುದಿಯ ಬುಡದಲ್ಲಿ ಹಳೆಯ ಖಂಡದ ತುಣುಕೂ ಸೇರಿರಬಹುದೇ ಎಂಬ ಚರ್ಚೆ ಭೂವಿಜ್ಞಾನಿಗಳಲ್ಲಿ ಇದ್ದರೂ ಸಾಲಿನ ಒಟ್ಟು ಕಥೆ ಇದೇ.

ಹಾಗಾದರೆ ಲಕ್ಷದ್ವೀಪದಲ್ಲಿ ಕಪ್ಪು ಕಲ್ಲು ಸಿಗಬೇಕಲ್ಲವೇ? ಸಿಗುವುದಿಲ್ಲ. ಆ ಬೆಟ್ಟಗಳೆಲ್ಲ ತಣ್ಣಗಾಗುತ್ತ, ತಮ್ಮ ಭಾರಕ್ಕೇ ಕುಸಿಯುತ್ತ ನೀರಿನೊಳಗೆ ಮುಳುಗಿಹೋದವು. ಈಗ ನೀರಿನ ಮೇಲೆ ಕಾಣುವುದು ಬೆಟ್ಟವಲ್ಲ, ಬೆಟ್ಟದ ನೆತ್ತಿಯ ಮೇಲೆ ಜೀವಿಗಳು ಕಟ್ಟಿದ ಸುಣ್ಣದ ಗೋಡೆಯ ಪುಡಿ.

ಮುಳುಗುವ ಬೆಟ್ಟ, ಏರುವ ಗೋಡೆ

ಹವಳ ಗಿಡವೂ ಅಲ್ಲ, ಕಲ್ಲೂ ಅಲ್ಲ. ಅದು ಪ್ರಾಣಿ. ಹವಳದ ತುಂಡೊಂದನ್ನು ಕೈಯಲ್ಲಿ ಹಿಡಿದು ಸಮೀಪದಿಂದ ನೋಡಿದರೆ ಮೈತುಂಬ ಸಾಸಿವೆ ಕಾಳಿನಷ್ಟು ಚಿಕ್ಕ ಕುಳಿಗಳು ಕಾಣುತ್ತವೆ. ಪ್ರತಿ ಕುಳಿಯೊಳಗೂ ನಕ್ಷತ್ರದ ಕಡ್ಡಿಗಳಂತೆ ತೆಳುವಾದ ಗೋಡೆಗಳು ನಡುವಿಗೆ ಬಂದು ಸೇರುತ್ತವೆ. ಆ ಒಂದೊಂದು ಕುಳಿಯೂ ಪಾಲಿಪ್ ಎಂಬ ಮೆತ್ತನೆಯ ಜೀವಿಯ ಮನೆ. ಅದು ಕಡಲ ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಹೀರಿ ತನ್ನ ಸುತ್ತ ಗಟ್ಟಿ ಬಟ್ಟಲು ಕಟ್ಟಿಕೊಳ್ಳುತ್ತದೆ. ಹಳೆಯ ಬಟ್ಟಲಿನ ಮೇಲೆ ಹೊಸದು, ಅದರ ಮೇಲೆ ಮತ್ತೊಂದು ಎಂಬಂತೆ ಸಾವಿರಾರು ವರ್ಷ ಬೆಳೆದಾಗ ಅದು ಹವಳದಿಬ್ಬವಾಗುತ್ತದೆ.

ದಿಬ್ಬ ಕಟ್ಟುವ ಹವಳಕ್ಕೆ ಬಿಸಿಲು ಬೇಕು, ಆದ್ದರಿಂದ ಅದು ಕಡಲಿನ ಮೇಲ್ಪದರದಲ್ಲಷ್ಟೇ ಚೆನ್ನಾಗಿ ಬೆಳೆಯಬಲ್ಲದು. ಅದರ ಕೆಳಗಿನ ಬೆಟ್ಟ ಮೆಲ್ಲಗೆ ಮುಳುಗತೊಡಗಿದರೆ ಹವಳ ಬೆಳಕನ್ನು ಬಿಡಲಾರದೆ ಮೇಲಕ್ಕೆ ಕಟ್ಟುತ್ತ ಹೋಗುತ್ತದೆ. ಮೊದಲು ಬೆಟ್ಟದ ದಡಕ್ಕೆ ಅಂಟಿಕೊಂಡಿದ್ದ ದಿಬ್ಬ, ಬೆಟ್ಟ ಕುಗ್ಗಿದಂತೆ ದಡದಿಂದ ದೂರವಾಗಿ ಬೇಲಿಯಂತೆ ನಿಲ್ಲುತ್ತದೆ. ಕೊನೆಗೆ ಬೆಟ್ಟ ಪೂರ್ತಿ ಮುಳುಗಿದಾಗ ಬೇಲಿಯಷ್ಟೇ ಉಳಿದು, ಅಂಚು ಎತ್ತರವಿರುವ ಹರಿವಾಣದಲ್ಲಿ ನೀರು ನಿಂತಂತೆ ಕಾಣುತ್ತದೆ. ಈ ಉಂಗುರಾಕಾರದ ದಿಬ್ಬಕ್ಕೆ ಅಟಾಲ್ ಎಂದೂ, ನಡುವಿನ ಆಳವಿಲ್ಲದ ನೀರಿಗೆ ಲಗೂನ್ ಎಂದೂ ಹೆಸರು. ‘ಅಟಾಲ್’ ಎಂಬ ಪದ ಜಗತ್ತಿಗೆ ಬಂದದ್ದು ಮಾಲ್ದೀವ್ಸ್‌ನ ದಿವೇಹಿ ಭಾಷೆಯಿಂದ. ಲಕ್ಷದ್ವೀಪದ ದಕ್ಷಿಣದ ತುದಿಯಲ್ಲಿರುವ ಮಿನಿಕಾಯ್ ದ್ವೀಪದವರು ಆಡುವ ಮಹಲ್ ಆ ದಿವೇಹಿಯದೇ ಒಂದು ರೂಪ. ಉಳಿದ ದ್ವೀಪಗಳವರು ಆಡುವುದು ಮಲಯಾಳಂಗೆ ಹತ್ತಿರವಾದ ಜೆಸೆರಿ.

ಹೀಗೆ ಮುಳುಗುವ ಬೆಟ್ಟದ ಮೇಲೆ ಏರುವ ಗೋಡೆಯ ವಿವರಣೆಯನ್ನು 1842ರಲ್ಲಿ ಮುಂದಿಟ್ಟವನು ಚಾರ್ಲ್ಸ್ ಡಾರ್ವಿನ್. ಅದು ನಿಜವೆಂದು ಸಾಬೀತಾಗಲು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. 1952ರಲ್ಲಿ ಪೆಸಿಫಿಕ್ ಸಾಗರದ ಎನಿವೆಟಾಕ್ ಅಟಾಲ್‌ನಲ್ಲಿ ಕೊಳವೆ ಕೊರೆದಾಗ, 1,200 ಮೀಟರಿಗೂ ಹೆಚ್ಚು ಆಳದವರೆಗೆ ಬರೀ ಹವಳದ ಸುಣ್ಣ ಸಿಕ್ಕಿ, ಅದರ ಕೆಳಗೆ ಜ್ವಾಲಾಮುಖಿಯ ಕಲ್ಲು ಸಿಕ್ಕಿತು.

ಈಗ ಮಂಗಳೂರಿನ ಜಲ್ಲಿಯ ಪ್ರಶ್ನೆಗೆ ಬರೋಣ. ಲಕ್ಷದ್ವೀಪದ ಮರಳು ನಮ್ಮ ನದಿಗಳ ಮರಳಿನಂತೆ ಬೆಟ್ಟದ ಕಲ್ಲು ಸವೆದು ಬಂದದ್ದಲ್ಲ. ಅದು ಹವಳದ ಚೂರು, ಚಿಪ್ಪಿನ ಪುಡಿ, ಸುಣ್ಣದ ಮೈಯುಳ್ಳ ಪಾಚಿಯ ಚಕ್ಕೆಗಳ ಬೆರಕೆ. ಇದರಲ್ಲಿ ಗಣನೀಯ ಪಾಲು ಗಿಳಿಮೀನಿನ ಹೊಟ್ಟೆಯಿಂದ ಹೊರಬಂದದ್ದು: ಗಿಳಿಯ ಕೊಕ್ಕಿನಂತಹ ಹಲ್ಲಿನಿಂದ ಈ ಮೀನು ಸತ್ತ ಹವಳವನ್ನು ಪಾಚಿಯ ಸಮೇತ ಕೆರೆದು ತಿಂದು, ಪಾಚಿಯನ್ನು ಅರಗಿಸಿಕೊಂಡು, ಸುಣ್ಣವನ್ನು ನುಣ್ಣನೆಯ ಬಿಳಿ ಮರಳಾಗಿ ಹೊರಹಾಕುತ್ತದೆ. ಕಡಲತೀರದ ಜಾಹೀರಾತಿನಲ್ಲಿ ಈ ವಿಷಯವನ್ನು ಯಾರೂ ಬರೆಯುವುದಿಲ್ಲ. ಈ ಮರಳನ್ನು ಬಾಚಿ ಮನೆ ಕಟ್ಟಿದರೆ ದ್ವೀಪದ ನೆಲವನ್ನೇ ಬಾಚಿದಂತೆ. ಆದ್ದರಿಂದಲೇ ಜಲ್ಲಿ, ಮರಳು ಹೊರಗಿನಿಂದ ಬರಬೇಕಾಗುತ್ತದೆ.

ಆ ನೀಲಿ ಬಣ್ಣ ಎಲ್ಲಿಂದ ಬಂತು?

ನೀರು ಸೂರ್ಯನ ಬೆಳಕಿನಲ್ಲಿರುವ ಕೆಂಪನ್ನು ಬೇಗ ಹೀರಿಕೊಂಡು ನೀಲಿ, ಹಸಿರುಗಳನ್ನು ಉಳಿಸುತ್ತದೆ. ಲಗೂನ್‌ನ ತಳದ ಬಿಳಿ ಮರಳು ಉಳಿದ ಬೆಳಕನ್ನು ಕನ್ನಡಿಯಂತೆ ಮೇಲಕ್ಕೆ ಕಳಿಸುವುದರಿಂದ ಆಳವಿಲ್ಲದ ಕಡೆ ತಿಳಿಹಸಿರು ನೀಲಿ ಕಾಣುತ್ತದೆ. ದಿಬ್ಬದ ಆಚೆ ತಳ ಒಮ್ಮೆಲೇ ಕುಸಿಯುವ ಕಡೆ ಕಡುನೀಲಿ. ವಿಮಾನದಿಂದ ನೋಡಿದರೆ ಈ ಎರಡರ ನಡುವಿನ ಗೆರೆ ಚಾಕುವಿನಿಂದ ಕೊಯ್ದಷ್ಟು ಖಚಿತವಾಗಿರುತ್ತದೆ.

ಇಷ್ಟು ತಿಳಿಯಾದ ನೀರು ವಾಸ್ತವದಲ್ಲಿ ಬಡ ನೀರು. ನಮ್ಮ ಕರಾವಳಿಯ ಕಡಲು ಮಸುಕಾಗಿ ಕಾಣುವುದು ನದಿಗಳು ತರುವ ಕೆಸರಿನಿಂದ ಮತ್ತು ಮೀನಿಗೆ ಮೇವಾಗುವ ಸೂಕ್ಷ್ಮಜೀವಿಗಳಿಂದ. ಲಕ್ಷದ್ವೀಪದಲ್ಲಿ ನದಿಯೂ ಇಲ್ಲ, ಮೇವೂ ಕಡಿಮೆ. ಅಂತಹ ನೀರಿನಲ್ಲಿ 100ಕ್ಕೂ ಹೆಚ್ಚು ಬಗೆಯ ಹವಳ, 600ಕ್ಕೂ ಹೆಚ್ಚು ಬಗೆಯ ಮೀನು ಬದುಕುವುದು ಹೇಗೆ? ಗುಟ್ಟು ಪಾಲಿಪ್‌ನ ಮೈಯೊಳಗೇ ಇದೆ. ಅದರ ಜೀವಕೋಶಗಳಲ್ಲಿ ಬರಿಗಣ್ಣಿಗೆ ಕಾಣದ ಪಾಚಿಗಳು ಬಾಡಿಗೆದಾರರಂತೆ ನೆಲೆಸಿವೆ. ಅವು ಬಿಸಿಲಿನಿಂದ ಸಕ್ಕರೆ ತಯಾರಿಸಿ ಅದರ ಬಹುಪಾಲನ್ನು ಹವಳಕ್ಕೆ ಬಾಡಿಗೆಯಾಗಿ ಕೊಡುತ್ತವೆ. ಹವಳ ತನ್ನ ಮೈಯ ತ್ಯಾಜ್ಯವನ್ನು ಅವಕ್ಕೆ ಗೊಬ್ಬರವಾಗಿ ಕೊಡುತ್ತದೆ. ಹೊರಗಿನಿಂದ ಬರುವುದು ಕಡಿಮೆಯಿದ್ದರೂ ಒಳಗಿನದು ಪೋಲಾಗದೆ ಕೈಯಿಂದ ಕೈಗೆ ಸುತ್ತುತ್ತದೆ. ಹವಳದ ಬಣ್ಣಕ್ಕೂ ಬಹುಮಟ್ಟಿಗೆ ಈ ಪಾಚಿಗಳೇ ಕಾರಣ.

ಆಮೆಗಳು ಮೇದ ಹುಲ್ಲುಗಾವಲು

ನಡುಗಡಲಿನ ದ್ವೀಪಗಳಾದ್ದರಿಂದ ನೆಲದ ಮೇಲಿನ ವನ್ಯಜೀವಿಗಳು ಅಷ್ಟಾಗಿಲ್ಲ. ತೆಂಗು, ದೀವಿಹಲಸು (ಮಂಗಳೂರಿನವರ ಜೀಗುಜ್ಜೆ), ದಡದಲ್ಲಿ ಓಡಾಡುವ ಏಡಿಗಳು, ತೆಂಗಿನ ಫಸಲಿಗೆ ಕಂಟಕವಾದ ಇಲಿಗಳು ಇವೆ. ಲಕ್ಷದ್ವೀಪದ ರಾಜಧಾನಿ ಕವರತ್ತಿಯ ವಾಯವ್ಯಕ್ಕಿರುವ ಪಿಟ್ಟಿ ಎಂಬ, ಒಂದೂಕಾಲು ಹೆಕ್ಟೇರಿನಷ್ಟೂ ಇಲ್ಲದ ಬೋಳು ದ್ವೀಪ ಮಾತ್ರ ಕಡಲಹಕ್ಕಿಗಳ ಸಂತತಿಯ ತಾಣ. ಅಲ್ಲಿ ರೀವ ಜಾತಿಯ ಹಕ್ಕಿಗಳು ಮರಳಿನ ಮೇಲೆಯೇ ಮೊಟ್ಟೆ ಇಡುತ್ತವೆ. ನಿಜವಾದ ಕಾಡು ಇರುವುದು ನೀರಿನ ಕೆಳಗೆ. ಅಲ್ಲಿ ಚಿಟ್ಟೆಮೀನು, ಗಿಳಿಮೀನು, ಹವಳದ ಸಂದಿಯಲ್ಲಿ ಅಡಗುವ ಹಾವುಮೀನು, ಅಗಲ ರೆಕ್ಕೆ ಬೀಸುತ್ತ ಸಾಗುವ ಮಂಟಾ ತೊರಕೆ, ದಿಬ್ಬದ ಶಾರ್ಕುಗಳು ಇವೆ. ಆದರೆ ಇಲ್ಲಿನ ಜೀವಜಾಲದ ತಿರುವುಗಳನ್ನು ಅರಿಯಲು ಹಸಿರು ಕಡಲಾಮೆಯ ಕಥೆಯಷ್ಟು ಒಳ್ಳೆಯ ಉದಾಹರಣೆ ಬೇರೆ ಇಲ್ಲ.

ಲಗೂನ್‌ನ ತಳದ ಮರಳಿನಲ್ಲಿ ಕಡಲಹುಲ್ಲು ಬೆಳೆಯುತ್ತದೆ. ಇದು ಪಾಚಿಯಲ್ಲ, ಬೇರು, ಎಲೆ, ಹೂ ಎಲ್ಲ ಇರುವ, ನೀರಿನೊಳಗೇ ಬದುಕುವ ಸಸ್ಯ. ಬೆಳೆದ ಹಸಿರು ಕಡಲಾಮೆಗೆ ಇದೇ ಮುಖ್ಯ ಮೇವು. ಹಿಂದೆ ದ್ವೀಪದವರು ಆಮೆಯ ಕೊಬ್ಬಿನ ಎಣ್ಣೆಯನ್ನು ದೋಣಿಯ ಮರಕ್ಕೆ ಸವರಲು ಬಳಸುತ್ತಿದ್ದರು. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ನಿಷೇಧವಾದ ಮೇಲೆ ಆಮೆಗಳ ಸಂಖ್ಯೆ ಏರಿ, ಈ ಶತಮಾನದ ಆರಂಭದ ವರ್ಷಗಳಲ್ಲಿ ಅಗತ್ತಿ ದ್ವೀಪದ ಲಗೂನ್‌ನಲ್ಲಿ ಅವು ದೊಡ್ಡ ಸಂಖ್ಯೆಯಲ್ಲಿ ಸೇರತೊಡಗಿದವು. ಆಮೆಯನ್ನು ಹಿಡಿಯುವ ದೊಡ್ಡ ಶಾರ್ಕುಗಳೂ ಕಡಿಮೆಯಾಗಿದ್ದವು.

ಬೇಲಿ ಇಲ್ಲದ ಗೋಮಾಳದಲ್ಲಿ ದನ ಹೆಚ್ಚಾದರೆ ಏನಾಗುತ್ತದೋ ಅದೇ ಆಯಿತು. ಹುಲ್ಲು ಮೊದಲು ಗಿಡ್ಡವಾಯಿತು, ಆಮೇಲೆ ವಿರಳವಾಯಿತು, ಕಡೆಗೆ ಬರೀ ಮರಳು ಉಳಿಯಿತು. ಹುಲ್ಲಿನಲ್ಲಿ ಅಡಗಿ ಬೆಳೆಯುತ್ತಿದ್ದ ಮೀನುಮರಿಗಳಿಗೆ ಆಸರೆ ತಪ್ಪಿತು. ಆಮೆಗಳಿಂದ ಬಲೆ ಹರಿಯುತ್ತದೆ, ಮೀನು ಸಿಗುವುದಿಲ್ಲ ಎಂದು ಮೀನುಗಾರರು ಬೇಸರಪಟ್ಟರು. ಅಗತ್ತಿಯಲ್ಲಿ ಮೇವು ಮುಗಿದ ಮೇಲೆ ಆಮೆಗಳು ಕದ್ಮತ್‌ನಂತಹ ಬೇರೆ ಲಗೂನ್‌ಗಳತ್ತ ನಡೆದವು, ಅಲ್ಲಿಯೂ ಹುಲ್ಲು ಕುಗ್ಗಿತು. ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನ ಸಂಶೋಧಕರು ವರ್ಷಗಟ್ಟಲೆ ಇದನ್ನು ಅಳೆದು ದಾಖಲಿಸಿದ್ದಾರೆ. ಇಲ್ಲಿ ಆಮೆಯನ್ನು ಕಾಪಾಡಿದ್ದು ತಪ್ಪೆಂದು ತಿಳಿಯಬೇಕಾಗಿಲ್ಲ. ಜಾಲದ ಒಂದು ಎಳೆ ಮರಳಿ ಬಂದು, ಅದನ್ನು ಹಿಡಿದಿಡುತ್ತಿದ್ದ ಇನ್ನೊಂದು ಎಳೆ ಬಾರದಿದ್ದರೆ ಹೀಗಾಗುತ್ತದೆ ಎಂಬುದಷ್ಟೇ ವಿಷಯ.

ಗಾಳದ ಮೀನುಗಾರಿಕೆ ಹವಳವನ್ನು ಉಳಿಸಿದ ಬಗೆ

ದ್ವೀಪದವರು ಹೆಚ್ಚಾಗಿ ಹಿಡಿಯುವುದು ದಿಬ್ಬದ ಮೀನನ್ನಲ್ಲ, ಹೊರಗಡಲಿನ ಟ್ಯೂನಾವನ್ನು. ನಮ್ಮ ಕರಾವಳಿಯಲ್ಲಿ ಕೇದರ ಎನ್ನುವುದು ಇದರ ಬಳಗವನ್ನೇ. ಮಿನಿಕಾಯ್‌ನವರ ಹಳೆಯ ವಿಧಾನ ಹೀಗಿದೆ. ಮುಂಜಾನೆ ಲಗೂನ್‌ನಲ್ಲಿ ಬೆರಳುದ್ದದ ಮೀನುಗಳನ್ನು ಸಣ್ಣ ಕಣ್ಣಿನ ಬಲೆಯಿಂದ ಹಿಡಿದು, ದೋಣಿಯ ತಳದಲ್ಲಿ ಕಡಲ ನೀರು ತುಂಬಿದ ತೊಟ್ಟಿಯಲ್ಲಿ ಜೀವಂತವಾಗಿ ಇಟ್ಟುಕೊಂಡು ಹೊರಗಡಲಿಗೆ ಹೋಗುತ್ತಾರೆ. ಹಕ್ಕಿಗಳು ಮುಗಿಬೀಳುವ ಜಾಗ ನೋಡಿ ಟ್ಯೂನಾ ಹಿಂಡನ್ನು ಪತ್ತೆಹಚ್ಚಿ, ಆ ಮರಿಮೀನುಗಳನ್ನು ಎರಚಿ, ನೀರಿನ ಮೇಲೆ ನೀರು ಚಿಮ್ಮಿಸುತ್ತಾರೆ. ಕಲಕಿದ ನೀರಿನಲ್ಲಿ ಹೊಳೆಯುವ ಗಾಳವನ್ನೂ ಮರಿಮೀನೆಂದು ಭ್ರಮಿಸಿ ಟ್ಯೂನಾ ಕಚ್ಚುತ್ತದೆ. ಗಾಳಕ್ಕೆ ಹಿಮ್ಮುಳ್ಳು ಇರುವುದಿಲ್ಲವಾದ್ದರಿಂದ ಕೋಲನ್ನು ಒಮ್ಮೆ ಹಿಂದಕ್ಕೆ ಬೀಸಿದರೆ ಮೀನು ಗಾಳ ಬಿಟ್ಟು ದೋಣಿಯೊಳಗೆ ಬೀಳುತ್ತದೆ, ಗಾಳ ಮತ್ತೆ ನೀರಿಗೆ ಹೋಗುತ್ತದೆ. ಒಂದು ಕೋಲಿಗೆ ಒಂದು ಸಲಕ್ಕೆ ಒಂದೇ ಮೀನು. ಆಮೆಯಾಗಲಿ ಶಾರ್ಕಾಗಲಿ ಅಕಸ್ಮಾತ್ತಾಗಿ ಸಿಕ್ಕಿಬೀಳುವ ಪ್ರಮೇಯ ಬಲು ಕಡಿಮೆ.

ಹಿಡಿದ ಟ್ಯೂನಾವನ್ನು ಬೇಯಿಸಿ, ಹೊಗೆಯಿಟ್ಟು, ಬಿಸಿಲಿಗೆ ಒಣಗಿಸಿ ಮರದ ತುಂಡಿನಂತೆ ಗಟ್ಟಿಯಾದ ‘ಮಾಸ್’ ಮಾಡುತ್ತಾರೆ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಸರ್ಕಾರ ಈ ವಿಧಾನವನ್ನು ಮಿನಿಕಾಯ್‌ನಿಂದ ಬೇರೆ ದ್ವೀಪಗಳಿಗೂ ಹಬ್ಬಿಸಿತು. ಹೊಟ್ಟೆಗೂ ವ್ಯಾಪಾರಕ್ಕೂ ಟ್ಯೂನಾ ಸಿಕ್ಕಿದ್ದರಿಂದ ದಿಬ್ಬದ ಮೀನುಗಳ ಮೇಲೆ ಒತ್ತಡ ಬೀಳಲಿಲ್ಲ. ಪಾಚಿಯನ್ನು ಕೆರೆದು ಹವಳಕ್ಕೆ ಜಾಗ ಬಿಡಿಸಿಕೊಡುವ ಗಿಳಿಮೀನುಗಳು ಉಳಿದವು. ಈಚೆಗೆ ದಿಬ್ಬದ ಮೀನಿಗೂ ಬೇಡಿಕೆ ಏರುತ್ತಿರುವುದು ಸಂಶೋಧಕರ ಆತಂಕಕ್ಕೆ ಕಾರಣವಾಗಿದೆ.

ಉಪ್ಪುನೀರಿನ ಮೇಲೆ ತೇಲುವ ಸಿಹಿನೀರು

ನದಿ, ಕೆರೆ ಇಲ್ಲದ ದ್ವೀಪದಲ್ಲಿ ಬಾವಿ ತೋಡಿದರೆ ಕುಡಿಯುವ ನೀರು ಹೇಗೆ ಸಿಗುತ್ತದೆ? ಮಳೆನೀರು ಮರಳಿನಲ್ಲಿ ಇಳಿದಾಗ ಕೆಳಗಿನ ಉಪ್ಪುನೀರಿಗಿಂತ ಹಗುರವಾಗಿರುವುದರಿಂದ, ಹಾಲಿನ ಮೇಲೆ ಕೆನೆ ನಿಂತಂತೆ ಅದರ ಮೇಲೆ ತೇಲಿ ನಿಲ್ಲುತ್ತದೆ. ಈ ಪದರ ನಡುವಿನಲ್ಲಿ ದಪ್ಪ, ದಡದ ಕಡೆ ತೆಳು. ಕಡಲಿನ ಉಬ್ಬರವಿಳಿತಕ್ಕೆ ತಕ್ಕಂತೆ ಬಾವಿಯ ನೀರೂ ಏರಿ ಇಳಿಯುತ್ತದೆ. ಪಂಪು ಹಾಕಿ ಅವಸರದಿಂದ ಎಳೆದರೆ ಕೆನೆ ಹರಿದು ಕೆಳಗಿನ ಉಪ್ಪು ಮೇಲೆ ಬರುತ್ತದೆ. ಒಮ್ಮೆ ಹಾಗಾದರೆ ಸರಿಹೋಗಲು ಮಳೆಗಾಲಗಳೇ ಬೇಕು.

ಈ ಕೊರತೆ ನೀಗಿಸಲು 2005ರಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಕವರತ್ತಿಯಲ್ಲಿ ದಿನಕ್ಕೆ 1 ಲಕ್ಷ ಲೀಟರ್ ಸಿಹಿನೀರು ತಯಾರಿಸುವ ಘಟಕವನ್ನು ಆರಂಭಿಸಿತು. ಕಡಲ ಮೇಲ್ಮೈಯ ಬೆಚ್ಚಗಿನ ನೀರನ್ನು ಗಾಳಿ ತೆಗೆದ ಕೋಣೆಯಲ್ಲಿ ಕಡಿಮೆ ಒತ್ತಡಕ್ಕೆ ಒಡ್ಡಿದರೆ ಅದು ಕಾಯಿಸದೆಯೇ ಆವಿಯಾಗುತ್ತದೆ. ಸುಮಾರು 350 ಮೀಟರ್ ಆಳದಿಂದ ತಂದ ತಣ್ಣನೆಯ ನೀರಿನ ಕೊಳವೆಗಳನ್ನು ಮುಟ್ಟಿ ಆ ಆವಿ ಸಿಹಿನೀರಾಗುತ್ತದೆ. ದಡದಿಂದ ಒಂದು ಕಿಲೋಮೀಟರಿನ ಒಳಗೇ ಅಷ್ಟು ಆಳ ಸಿಗುವುದರಿಂದ ಇದು ಸಾಧ್ಯವಾಯಿತು. ಆ ಕಡಿದಾದ ಇಳಿಜಾರು ಮುಳುಗಿದ ಬೆಟ್ಟದ್ದು.

ಬಿಳಿಚುವುದು ಎಂದರೇನು?

ಬೇಸಿಗೆಯ ಗರಿಷ್ಠ ತಾಪಕ್ಕಿಂತ ಕಡಲ ನೀರು ಒಂದು ಡಿಗ್ರಿಯಷ್ಟು ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೆಯೇ ಉಳಿದರೆ, ಹವಳದೊಳಗಿನ ಪಾಚಿಗಳು ಹವಳಕ್ಕೇ ವಿಷಕಾರಿಯಾದ ರಾಸಾಯನಿಕಗಳನ್ನು ಹುಟ್ಟಿಸತೊಡಗುತ್ತವೆ. ಆಗ ಹವಳ ತನಗೆ ಊಟ ಕೊಡುತ್ತಿದ್ದ ಬಾಡಿಗೆದಾರರನ್ನೇ ಹೊರಹಾಕುತ್ತದೆ. ಬಣ್ಣ ಹೋಗಿ, ಪಾರದರ್ಶಕ ಚರ್ಮದ ಮೂಲಕ ಒಳಗಿನ ಬಿಳಿ ಸುಣ್ಣ ಕಾಣುತ್ತದೆ. ಬಿಳಿಚಿದ ಹವಳ ಸತ್ತಿರುವುದಿಲ್ಲ, ಹಸಿದಿರುತ್ತದೆ. ನೀರು ಬೇಗ ತಣಿದರೆ ಪಾಚಿಗಳು ಮರಳುತ್ತವೆ, ತಡವಾದರೆ ಹವಳ ಸಾಯುತ್ತದೆ.

ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ದೊಡ್ಡ ಪ್ರಮಾಣದಲ್ಲಿ ಹೀಗಾಯಿತು. 1998ರ ಹೊಡೆತದ ನಂತರ ಮುಂಗಾರಿನ ಅಲೆಗಳಿಗೆ ಎದೆಯೊಡ್ಡುವ ಪಶ್ಚಿಮದ ದಿಬ್ಬಗಳು ಪೂರ್ವದವಕ್ಕಿಂತ ಬೇಗ ಚೇತರಿಸಿಕೊಂಡವು ಎಂಬುದು ಗಮನಾರ್ಹ ಸಂಗತಿ. ಆದರೆ ಎರಡು ಹೊಡೆತಗಳ ನಡುವಿನ ಬಿಡುವು ಕಡಿಮೆಯಾಗುತ್ತಿದೆ. ಅಗತ್ತಿ, ಕದ್ಮತ್, ಕವರತ್ತಿಗಳಲ್ಲಿ 1998ರಿಂದ 2022ರವರೆಗೆ ನಡೆದ ಅಳತೆಯಲ್ಲಿ ಜೀವಂತ ಹವಳದ ಹೊದಿಕೆ ಸುಮಾರು 37 ಶೇಕಡಾದಿಂದ ಸುಮಾರು 19 ಶೇಕಡಾಕ್ಕೆ ಇಳಿದಿರುವುದು ಕಂಡುಬಂತು. ಈ ಲೆಕ್ಕ 2024ರ ಬಿಸಿಗೆ ಮೊದಲಿನದು.

ಜಮೆ ಮತ್ತು ಖರ್ಚು

ಸಮುದ್ರಮಟ್ಟದಿಂದ ಒಂದೆರಡು ಮೀಟರಷ್ಟೇ ಎತ್ತರವಿರುವ ಈ ನೆಲದ ಬದುಕು ದಿನವಹಿ ಲೆಕ್ಕದ ಪುಸ್ತಕದಂತೆ. ಹವಳ ಬೆಳೆದು ಸುಣ್ಣ ಸೇರುವುದು ಜಮೆ. ಅಲೆ ಹೊಡೆದು ಮರಳು ಕೊಚ್ಚಿಹೋಗುವುದು ಖರ್ಚು. ಜೀವಂತ ದಿಬ್ಬ ಅಲೆಗಳ ಬಲವನ್ನು ಲಗೂನ್‌ನ ಆಚೆಯೇ ಮುರಿಯುತ್ತದೆ, ಹೀಗಾಗಿ ಖರ್ಚನ್ನೂ ತಗ್ಗಿಸುತ್ತದೆ. ಹವಳ ಸತ್ತರೆ ದಿಬ್ಬ ಕೂಡಲೇ ಬೀಳುವುದಿಲ್ಲ, ಆದರೆ ಸವೆತ ಮುಂದುವರಿದು ದುರಸ್ತಿ ನಿಲ್ಲುತ್ತದೆ; ಅದೇ ಹೊತ್ತಿಗೆ ಸಮುದ್ರಮಟ್ಟವೂ ಏರುತ್ತಿದೆ.

ಇದರ ಅಳತೆ ಬಂಗಾರಂ ಅಟಾಲ್‌ನಲ್ಲಿ ಸಿಗುತ್ತದೆ. ಆ ಒಂದೇ ಉಂಗುರದ ಮೇಲೆ ಬಂಗಾರಂ, ತಿನ್ನಕರ ಮತ್ತು ಪರಳಿ ಎಂಬ ಒಂದೇ ಹೆಸರಿನ ಮೂರು ಕಿರುದ್ವೀಪಗಳು, ಹೀಗೆ ಒಟ್ಟು ಐದು ದ್ವೀಪಗಳಿದ್ದವು. 1968ರಲ್ಲಿ ಮೊದಲನೆಯ ಪರಳಿಯ ವಿಸ್ತೀರ್ಣ 0.032 ಚದರ ಕಿಲೋಮೀಟರ್, ಅಂದರೆ ಸುಮಾರು ಎಂಟು ಎಕರೆ. 2017ರಲ್ಲಿ ಸಂಶೋಧಕರು ಹಳೆಯ ನಕ್ಷೆ ಮತ್ತು ಉಪಗ್ರಹ ಚಿತ್ರಗಳನ್ನು ಹೋಲಿಸಿ ವರದಿ ಮಾಡಿದಾಗ ಆ ಎಂಟು ಎಕರೆ ಪೂರ್ತಿಯಾಗಿ ನೀರಿನ ಪಾಲಾಗಿತ್ತು. ಎರಡನೆಯ ಪರಳಿ ಸುಮಾರು 80 ಶೇಕಡಾದಷ್ಟು ಕರಗಿತ್ತು. ಪ್ರವಾಸಿಗರು ಹೋಗುವ ಬಂಗಾರಂ ಕಳೆದುಕೊಂಡದ್ದು 10 ಶೇಕಡಾಕ್ಕೆ ತುಸು ಕಡಿಮೆ.